ದಾಳಿಯಲ್ಲಿ ಸಿಕ್ಕಿದ ಅಕ್ಕ ಆರೋಪಿಯಾ, ನೊಂದ ಮಹಿಳೆಯಾ? ಮೊದಲು ಅದನ್ನು ಕೇಳಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಲಾಡ್ಜ್ ಮೇಲೆ ದಾಳಿ ಆಗಿ ನಾಲ್ಕು ದಿನ ಆಗಿದೆ. ಅಲ್ಲಿ ಸಿಕ್ಕಿದ ನಿಮ್ಮ ಅಕ್ಕನಿಗೆ 27 ವರ್ಷ. ‘ರಕ್ಷಣೆ ಮಾಡಿದ್ದೇವೆ’ ಅಂತ ಹೇಳಿ ಪೊಲೀಸರು ಅವರನ್ನು ಮಹಿಳಾ ನಿಲಯಕ್ಕೆ ಕಳಿಸಿದ್ದಾರೆ. ಮನೆಗೆ ಬಿಡಿ ಅಂದರೆ ಬಿಡುತ್ತಿಲ್ಲ. ವಯಸ್ಕ ಹೆಂಗಸು ಇಷ್ಟದಿಂದ ಮಾಡುವ ಲೈಂಗಿಕ ವೃತ್ತಿ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೇ ಅಂದಿದೆಯಲ್ಲ, ಹಾಗಿದ್ದ ಮೇಲೆ ಹೇಗೆ ಇಟ್ಟುಕೊಂಡಿದ್ದಾರೆ ಅಂತ ಕೇಳಿದ್ದೀರಿ. ಅಪ್ಪನಿಗೆ ಇನ್ನೂ ಹೇಳಿಲ್ಲ ಅಂತಲೂ ಬರೆದಿದ್ದೀರಿ.

ನಾನು ವಕೀಲೆ ಅಲ್ಲ. ಕಾನೂನು ಸೇವಾ ಸಮಿತಿಯ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಏಳು ವರ್ಷದಿಂದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಓಡಾಡುತ್ತಿದ್ದೇನೆ. ಇಂಥ ಕೇಸಿನಲ್ಲಿ ಬಂದ ಹೆಂಗಸರ ಪಕ್ಕ ಬೆಂಚಿನ ಮೇಲೆ ಕೂತು ಕಾದಿದ್ದೇನೆ. ಅಲ್ಲಿ ಕಂಡದ್ದನ್ನು, ಕಲಿತದ್ದನ್ನು ಬರೆಯುತ್ತೇನೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಎಫ್‌ಐಆರ್ ಪ್ರತಿ ಕೇಳಿ. ಠಾಣೆಯಲ್ಲಿ ಕೊಡದಿದ್ದರೆ ವಕೀಲರ ಮೂಲಕ ಕೋರ್ಟಿನಲ್ಲಿ ಪ್ರತಿಗೆ ಅರ್ಜಿ ಹಾಕಿಸಿ. ಅದರಲ್ಲಿ ಅಕ್ಕನ ಹೆಸರು ಆರೋಪಿಗಳ ಸಾಲಿನಲ್ಲಿದೆಯಾ, ಇಲ್ಲಾ ‘ನೊಂದ ಮಹಿಳೆ’ ಅಂತ ಇದೆಯಾ ನೋಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಆರೋಪಿ ಆಗಿದ್ದರೆ ಜಾಮೀನಿನ ದಾರಿ. ನೊಂದ ಮಹಿಳೆ ಆಗಿದ್ದರೆ ಜಾಮೀನು ಅನ್ನುವ ಮಾತೇ ಬರುವುದಿಲ್ಲ. ಜಾಮೀನು ಬೇಡವಾದ ಹೆಂಗಸೇ ಜಾಸ್ತಿ ದಿನ ಒಳಗಿರುವುದನ್ನು ನಾನು ನೋಡಿದ್ದೇನೆ. ಲಾಡ್ಜಿನ ಮ್ಯಾನೇಜರ್ ಜಾಮೀನಿನ ಮೇಲೆ ಮನೆಗೆ ಹೋಗಿರುತ್ತಾನೆ. ‘ರಕ್ಷಣೆ’ ಆದವಳು ಇನ್ನೂ ನಿಲಯದ ಕಿಟಕಿ ಹತ್ತಿರ ನಿಂತಿರುತ್ತಾಳೆ.

ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಪೊಲೀಸರು ‘ಪೀಟಾ ಕೇಸ್’ ಅನ್ನುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯನ್ನು. ವಯಸ್ಕ ಹೆಂಗಸೊಬ್ಬಳು ತನ್ನ ಇಷ್ಟದಿಂದ ಹಣಕ್ಕೆ ದೇಹಸಂಬಂಧ ಮಾಡುವುದೇ ಅಪರಾಧ ಅಂತ ಅದರಲ್ಲಿ ಎಲ್ಲೂ ಇಲ್ಲ. ಅಡ್ಡೆ ನಡೆಸುವುದು 3ನೇ ಕಲಂ. ಇನ್ನೊಬ್ಬರ ಈ ಸಂಪಾದನೆಯ ಮೇಲೆ ಬದುಕುವುದು 4ನೇ ಕಲಂ. ಹೆಂಗಸರನ್ನು ಈ ಕೆಲಸಕ್ಕೆ ಕರೆತರುವುದು 5, ಕೂಡಿಹಾಕುವುದು 6. ಇವೆಲ್ಲ ನಡೆಸುವವರ ಮೇಲೆ ಹಾಕುವ ಕಲಂಗಳು.

ಹೆಂಗಸಿನ ಮೇಲೇ ತಿರುಗುವ ಕಲಂಗಳು ಮುಖ್ಯವಾಗಿ ಎರಡು. 7ನೇ ಕಲಂ ಪ್ರಕಾರ ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಹಾಸ್ಟೆಲ್, ಆಸ್ಪತ್ರೆ ಇಂಥ ಜಾಗದಿಂದ 200 ಮೀಟರ್ ಒಳಗೆ ಈ ಕೆಲಸ ನಡೆದರೆ ಅಪರಾಧ. ಶಿಕ್ಷೆ ಮೂರು ತಿಂಗಳವರೆಗೆ. ಅದು ಹೆಂಗಸಿಗೂ ಉಂಟು, ಗಿರಾಕಿಗೂ ಉಂಟು. ನಮ್ಮ ಊರುಗಳಲ್ಲಿ 200 ಮೀಟರ್‌ಗೆ ಒಂದು ಗುಡಿ ಇಲ್ಲದ ಬೀದಿ ಸಿಗುವುದೇ ಕಷ್ಟ. ಹಾಗಾಗಿ ಈ ಕಲಂ ಬೇಗ ಬಂದು ಕೂರುತ್ತದೆ. 8ನೇ ಕಲಂ ಸಾರ್ವಜನಿಕ ಜಾಗದಲ್ಲಿ ಸನ್ನೆ, ಮಾತಿನಿಂದ ಕರೆಯುವುದಕ್ಕೆ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಎರಡನೇ ಸಲಕ್ಕೆ ಒಂದು ವರ್ಷದವರೆಗೆ ಜೈಲು. 7(1) ಮತ್ತು 8 ಎರಡೂ ಜಾಮೀನು ಕೊಡಲೇಬೇಕಾದ ಅಪರಾಧಗಳು. ಅಕ್ಕನ ಮೇಲೆ ಇವು ಮಾತ್ರ ಇದ್ದರೆ ಅವರು ಠಾಣೆಯಿಂದಲೇ ಜಾಮೀನಿನ ಮೇಲೆ ಬರಬಹುದಿತ್ತು.

ಇಲ್ಲೊಂದು ಎಚ್ಚರಿಕೆ. ‘ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗು’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಣಿದ ಹೆಂಗಸು ಒಪ್ಪಿಬಿಡುತ್ತಾಳೆ. ಆದರೆ ಅದು ಶಿಕ್ಷೆಯಾದ ದಾಖಲೆ. ಮುಂದಿನ ಸಲ ‘ಎರಡನೇ ಅಪರಾಧ’ ಅಂತ ಎಣಿಸುತ್ತಾರೆ. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ ಅಂತ ಅಕ್ಕನಿಗೆ ಹೇಳಿ.

ಈಗ ಸುಪ್ರೀಂ ಕೋರ್ಟಿನ ಮಾತು. ಇಲ್ಲಿ ತುಂಬಾ ಜನ ಎಡವುತ್ತಾರೆ. 1999ರಲ್ಲಿ ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆ ಆಯಿತು. ಬುದ್ಧದೇವ್ ಕರ್ಮಸ್ಕರ್ ಪ್ರಕರಣ ಅನ್ನುತ್ತಾರಲ್ಲ, ಅದೇ. ಆರೋಪಿಯ ಮೇಲ್ಮನವಿ 2011ರಲ್ಲಿ ವಜಾ ಆದ ಮೇಲೆ ಕೋರ್ಟು ಈ ಹೆಂಗಸರ ಬದುಕಿನ ವಿಷಯವನ್ನೇ ತಾನಾಗಿ ಕೈಗೆತ್ತಿಕೊಂಡಿತು, ಒಂದು ಸಮಿತಿ ಮಾಡಿತು. ಆ ಸಮಿತಿಯ ಶಿಫಾರಸುಗಳ ಮೇಲೆ 2022ರ ಮೇ 19ರಂದು ಆದೇಶ ಬಂತು. ‘ದಾಳಿ ಆದಾಗ ಸ್ವಇಚ್ಛೆಯಿಂದ ಇರುವ ವಯಸ್ಕ ಮಹಿಳೆಯನ್ನು ಬಂಧಿಸಬಾರದು’ ಅನ್ನುವುದು ಸಮಿತಿಯ ಶಿಫಾರಸೇ ಹೌದು. ಆದರೆ ಕೇಂದ್ರ ಸರ್ಕಾರ ಆಕ್ಷೇಪ ಎತ್ತಿದ ಶಿಫಾರಸುಗಳಲ್ಲಿ ಅದೂ ಒಂದು. ಹಾಗಾಗಿ ಕೂಡಲೇ ಪಾಲಿಸಿ ಅಂತ ಕೋರ್ಟು ಕೊಟ್ಟ ನಿರ್ದೇಶನಗಳಲ್ಲಿ ಅದು ಸೇರಿಲ್ಲ. ಟೀವಿಯಲ್ಲಿ ಬಂದದ್ದನ್ನು ನಂಬಿ ಠಾಣೆಯಲ್ಲಿ ಈ ಸಾಲನ್ನೇ ಹಿಡಿದು ಜಗಳಕ್ಕೆ ನಿಂತರೆ ಕೈಗೆ ಏನೂ ಸಿಗುವುದಿಲ್ಲ.

ಹಾಗಂತ ಆ ಆದೇಶ ಸುಮ್ನೆ ಅಲ್ಲ. ನಿಮ್ಮ ಅಕ್ಕನಿಗೆ ಬೇಕಾದದ್ದು ಅದರಲ್ಲೇ ಇದೆ. ರಕ್ಷಣಾ ಗೃಹಗಳಲ್ಲಿ ಇಷ್ಟಕ್ಕೆ ವಿರುದ್ಧವಾಗಿ ಇಟ್ಟಿರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ, ಕಾಲಮಿತಿಯಲ್ಲಿ ಬಿಡುಗಡೆಗೆ ಕ್ರಮ ಆಗಬೇಕು. ಪೊಲೀಸರು ಬೈಯಬಾರದು, ಹೊಡೆಯಬಾರದು, ಘನತೆಯಿಂದ ನಡೆದುಕೊಳ್ಳಬೇಕು. ಲೈಂಗಿಕ ದೌರ್ಜನ್ಯ ಆಗಿದ್ದರೆ ಬೇರೆ ಯಾವುದೇ ಹೆಂಗಸಿಗೆ ಸಿಗುವ ಚಿಕಿತ್ಸೆ, ನೆರವು ಎಲ್ಲ ಇವರಿಗೂ ಸಿಗಬೇಕು. ದಾಳಿ, ಬಂಧನ, ರಕ್ಷಣೆ ಏನೇ ಆಗಲಿ, ಮಾಧ್ಯಮದಲ್ಲಿ ಮುಖ, ಹೆಸರು, ಗುರುತು ಬರಬಾರದು. ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧದ ಸಾಕ್ಷಿ ಅಂತ ನೋಡಬಾರದು.

ಕೊನೆಯ ಮಾತು ಬರೆಯುವಾಗ ಒಂದು ಮಹಜರು ನೆನಪಾಗುತ್ತದೆ. ಮೊದಲನೇ ಸಾಲಿನಲ್ಲೇ ‘ಉಪಯೋಗಿಸದ ಕಾಂಡೋಮ್ 6’ ಅಂತ ಇತ್ತು. ಅವು ಏಡ್ಸ್ ತಡೆ ಕಾರ್ಯಕ್ರಮದಲ್ಲಿ ಸರ್ಕಾರವೇ ಪುಕ್ಕಟೆ ಹಂಚುವ ನಿರೋಧ್. ಆರೋಗ್ಯ ಕಾರ್ಯಕರ್ತೆ ಹಿಂದಿನ ವಾರ ಕೈಗೆ ಕೊಟ್ಟುಹೋಗಿದ್ದಳು. ಅದೇ ಮಹಜರಿನಲ್ಲಿ ನಗದು 1,200 ಅಂತ ಬರೆದಿತ್ತು. ಆ ಹೆಂಗಸು ನನ್ನ ಕಿವಿಯ ಹತ್ತಿರ ಬಂದು, ‘ಪರ್ಸಲ್ಲಿ ನಾಲ್ಕು ಸಾವಿರದ ಇನ್ನೂರು ಇತ್ತು ಅಕ್ಕ, ಮಗಳ ಫೀಸಿಗೆ ಇಟ್ಟಿದ್ದು’ ಅಂದಳು. ದುಡ್ಡು ಎಣಿಸಿದ್ದನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ. ಅದು ವಾಪಸ್ ಬರಲೇ ಇಲ್ಲ. ಯಾವ ಠಾಣೆ ಅಂತ ಬರೆಯುವುದಿಲ್ಲ, ಆದರೆ ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ಅದಕ್ಕೇ ದಾಳಿ ಹೇಗೆ ನಡೆಯಬೇಕು ಅಂತ ಕೂಡ ತಿಳಿದಿರಿ. ವಕೀಲರು ಕೇಳುವ ಪ್ರಶ್ನೆಗಳೂ ಇವೇ. ವಾರಂಟ್ ಇಲ್ಲದೆ ಒಳನುಗ್ಗಿ ಹುಡುಕುವ ಅಧಿಕಾರ ಎಲ್ಲ ಪೊಲೀಸರಿಗೂ ಇಲ್ಲ. ಈ ಕಾಯ್ದೆಗೆ ಅಂತಲೇ ನೇಮಕವಾದ ಅಧಿಕಾರಿ ಬೇಕು. ವಿಶೇಷ ಪೊಲೀಸ್ ಅಧಿಕಾರಿ ಅಂದರೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಲ್ಲ. ವಾರಂಟ್ ಯಾಕೆ ತರಲಿಲ್ಲ ಅಂತ ಅವರು ಮೊದಲೇ ಬರೆದಿಡಬೇಕು. ಸ್ಥಳೀಯ ಪಂಚರು ಇಬ್ಬರಾದರೂ ಇರಬೇಕು, ಅವರಲ್ಲಿ ಒಬ್ಬರು ಹೆಂಗಸು. ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು. ಹೆಂಗಸನ್ನು ವಿಚಾರಿಸುವುದು ಮಹಿಳಾ ಪೊಲೀಸ್ ಅಧಿಕಾರಿಯೇ. ಅವರಿಲ್ಲದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯ ಮಹಿಳಾ ಪ್ರತಿನಿಧಿ ಎದುರಿಗೆ ಇರಬೇಕು. ಇದೆಲ್ಲ 15ನೇ ಕಲಂನಲ್ಲಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಹುಡುಕಾಟ, ಜಪ್ತಿಯನ್ನು ವಿಡಿಯೋ ಕೂಡ ಮಾಡಬೇಕು. ಆ ವಿಡಿಯೋ ಕೇಳಿ. ದುಡ್ಡು ಎಣಿಸಿದ್ದು ಅದರಲ್ಲಿರಬೇಕು, ಅಲ್ವಾ?

ಬಂಧನ ಅಂತಾದರೆ ಇನ್ನೂ ಕೆಲವು ಇವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ಯಾಕೆ ಬಂಧಿಸಿದ್ದಾರೆ ಅಂತ ಹೇಳಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಖಾಲಿ ಹಾಳೆಗಂತೂ ಯಾವತ್ತೂ ಬೇಡ.

ಆದರೆ ಈ ನಿಯಮಗಳಲ್ಲಿ ಒಂದು ತಪ್ಪಿದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ ಅಂತ ನಂಬಬೇಡಿ. ಹುಡುಕಾಟದಲ್ಲಿ ಲೋಪ ಆಗಿದೆ ಅಂದ ಮಾತ್ರಕ್ಕೆ ವಿಚಾರಣೆ ರದ್ದಾಗುವುದಿಲ್ಲ, ಅದರಿಂದ ಆರೋಪಿಗೆ ಅನ್ಯಾಯ ಆಗಿದೆ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಹೇಳಿದೆ. ಲೋಪಗಳನ್ನು ಬರೆದಿಟ್ಟುಕೊಂಡು ವಕೀಲರ ಕೈಗೆ ಕೊಡಿ.

ಅಕ್ಕ ನೊಂದ ಮಹಿಳೆ ಅಂತ ಇದ್ದರೆ ನೀವು ಹಿಡಿಯಬೇಕಾದದ್ದು 17ನೇ ಕಲಂ. ಮ್ಯಾಜಿಸ್ಟ್ರೇಟರು ಅವರ ಮಾತು ಕೇಳಬೇಕು. ವಯಸ್ಸು, ಮನೆಯ ಪರಿಸ್ಥಿತಿ ಎಲ್ಲ ವಿಚಾರಣೆ ಮಾಡಿಸಬೇಕು. ಅದಕ್ಕೆ ಪರಿವೀಕ್ಷಣಾಧಿಕಾರಿಯಿಂದ (ಪ್ರೊಬೇಷನ್ ಆಫೀಸರ್) ವರದಿ ತರಿಸಬಹುದು. ಐವರ ಸಮಿತಿಯ ಸಹಾಯ ಪಡೆಯಬಹುದು, ಅದರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮೂವರು ಹೆಂಗಸರಿರಬೇಕು. ಈ ವಿಚಾರಣೆ ನಡೆಯುವಾಗ ಇಟ್ಟುಕೊಳ್ಳುವ ಅವಧಿ ಮೂರು ವಾರ ಮೀರಬಾರದು. ವಿಚಾರಣೆ ಮುಗಿದು, ಇವರಿಗೆ ಆಶ್ರಯ ಬೇಕು ಅನ್ನಿಸಿದರೆ ಒಂದರಿಂದ ಮೂರು ವರ್ಷ ಇಡಿ ಅಂತ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹೌದು, ಮೂರು ವರ್ಷ. ಏನೂ ಅಪರಾಧ ಮಾಡದವರಿಗೆ. ಅಂಥ ಆದೇಶ ಬಂದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು.

ನಿಮ್ಮ ವಕೀಲರಿಗೆ ಬಾಂಬೆ ಹೈಕೋರ್ಟಿನ 2020ರ ಸೆಪ್ಟೆಂಬರ್ ತೀರ್ಪು ಹೇಳಿ. ಮುಂಬೈಯ ದಾಳಿಯೊಂದರಲ್ಲಿ ಸಿಕ್ಕಿದ ಮೂವರು ವಯಸ್ಕ ಯುವತಿಯರನ್ನು ಒಂದು ವರ್ಷ ಉತ್ತರ ಪ್ರದೇಶದ ನಿಲಯದಲ್ಲಿಡಿ ಅಂತ ಕೆಳಗಿನ ಕೋರ್ಟು ಹೇಳಿತ್ತು. ಹೈಕೋರ್ಟು ಅದನ್ನು ರದ್ದು ಮಾಡಿತು. ಈ ಕಾಯ್ದೆಯ ಉದ್ದೇಶ ವೇಶ್ಯಾವೃತ್ತಿಯನ್ನೇ ಅಪರಾಧ ಮಾಡುವುದಲ್ಲ, ವಯಸ್ಕ ಮಹಿಳೆಗೆ ತನ್ನ ಕೆಲಸ ಆರಿಸಿಕೊಳ್ಳುವ ಹಕ್ಕಿದೆ, ಅವಳ ಒಪ್ಪಿಗೆ ಇಲ್ಲದೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ ಅಂದಿತು. ಅಕ್ಕನ ಹೆಸರನ್ನು ಆರೋಪಿಗಳ ಸಾಲಿಗೆ ಸೇರಿಸಿ 5ನೇ ಕಲಂ ಹಾಕಿದ್ದರೆ ನಮ್ಮ ಕರ್ನಾಟಕ ಹೈಕೋರ್ಟಿನ ತೀರ್ಪೂ ಇದೆ. ದಂಧೆಗೆ ಬಲಿಯಾದ ಮಹಿಳೆಯನ್ನು ಶಿಕ್ಷಿಸುವುದಕ್ಕೆ ಆ ಕಲಂ ಇಲ್ಲ ಅಂತ ಅದು ಹೇಳಿದೆ.

ಅಪ್ಪನ ವಿಷಯ. ಕೋರ್ಟಿನಲ್ಲಿ ‘ತಂದೆ ತಾಯಿ ಬಂದು ಕರೆದುಕೊಂಡು ಹೋಗಲಿ’ ಅನ್ನುವುದು ರೂಢಿ. ನಿಮಗಿರುವ ಭಯ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಅಕ್ಕ ಮಗು ಅಲ್ಲ. ‘ನನಗೆ 27 ವರ್ಷ, ನಿಲಯದಲ್ಲಿರಲು ನನಗೆ ಇಷ್ಟವಿಲ್ಲ, ನಾನು ಇಂಥ ಕಡೆ ಹೋಗಿ ಇರುತ್ತೇನೆ’ ಅಂತ ಅವರೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಜೊತೆಗೆ ನೀವು ತಮ್ಮನಾಗಿ ನಿಲ್ಲಬಹುದು. ಮನೆಗೆ ವಿಚಾರಣೆಗೆ ಬರುವ ಅಧಿಕಾರಿಗೆ ನೀವೇ ಮೊದಲು ಫೋನ್ ಮಾಡಿ, ಅಕ್ಕಪಕ್ಕದವರ ಹತ್ತಿರ ಕೇಸಿನ ಮಾತು ಎತ್ತಬೇಡಿ ಅಂತ ವಿನಂತಿ ಮಾಡಿ. ನಾನು ನೋಡಿದ ಹೆಚ್ಚಿನವರು ಈ ಮಾತಿಗೆ ಬೆಲೆ ಕೊಟ್ಟಿದ್ದಾರೆ. ಇನ್ನೊಂದು. ಅಕ್ಕನನ್ನು ಯಾರಾದರೂ ಮೋಸದಿಂದ ತಂದಿದ್ದರೆ, ಹೊರಗೆ ಬರಲು ಅವರಿಗೇ ಹೆದರಿಕೆ ಇದ್ದರೆ, ಅದನ್ನು ಒಬ್ಬರೇ ಇರುವಾಗ ಕೇಳಿ. ಆಗ ನಿಲಯವೇ ಸದ್ಯಕ್ಕೆ ಸರಿಯಾದ ಜಾಗ ಆಗಬಹುದು. ಅದನ್ನು ಅವರೇ ನಿರ್ಧರಿಸಲಿ.

ಗಿರಾಕಿಗಳ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಸಿಕ್ಕಿಬಿದ್ದ ಗಿರಾಕಿಯ ಮೇಲೆ 3ರಿಂದ 6ರವರೆಗಿನ ಕಲಂ ನಿಲ್ಲುವುದಿಲ್ಲ ಅಂತ ಕರ್ನಾಟಕ ಹೈಕೋರ್ಟು ಕೇಸು ರದ್ದು ಮಾಡಿದ್ದಿದೆ. 2025ರಲ್ಲಿ ಕೇರಳ ಹೈಕೋರ್ಟು 5ನೇ ಕಲಂ ಗಿರಾಕಿಗೂ ಅನ್ವಯಿಸುತ್ತದೆ ಅಂದಿದೆ. ಸಾಗಾಟವಾಗಿ ಬಂದ ಹೆಂಗಸು ಅಂತ ಗೊತ್ತಿದ್ದೂ ಹೋದವನಿಗೆ, ಹಳೆಯ ಐಪಿಸಿ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 144ನೇ ಕಲಂ ಇದೆ. 18 ತುಂಬದ ಹುಡುಗಿಯಾದರೆ ಪೋಕ್ಸೊ. ಅಲ್ಲಿ ಒಪ್ಪಿಗೆಯ ಮಾತೇ ಇಲ್ಲ.

ವಕೀಲರಿಗೆ ದುಡ್ಡಿಲ್ಲ ಅಂತ ತಡಮಾಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ನಾಳೆ ಹೋಗುವಾಗ ಅಕ್ಕನ ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನಿಮ್ಮಿಬ್ಬರ ಆಧಾರ್ ಪ್ರತಿ, ಅವರು ಬಂದು ಇರುವ ಮನೆಯ ವಿಳಾಸದ ದಾಖಲೆ ತೆಗೆದುಕೊಳ್ಳಿ. ನಿಲಯಕ್ಕೆ ಭೇಟಿಗೆ ಹೋದರೆ ಒಂದು ಜೊತೆ ಬಟ್ಟೆ, ಚಪ್ಪಲಿ, ಪ್ಯಾಡ್ ಒಯ್ಯಿರಿ. ದಾಳಿಯಲ್ಲಿ ಎದ್ದುಬಂದವರ ಹತ್ತಿರ ಇವು ಇರುವುದಿಲ್ಲ.

ಎಫ್‌ಐಆರ್ ಸಿಕ್ಕಿದ ಮೇಲೆ ಅದರಲ್ಲಿರುವ ಕಲಂ ಸಂಖ್ಯೆ, ನಿಲಯದಲ್ಲಿಡಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಿದ ತಾರೀಕು ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ. ಹೆಸರು, ಊರು ಬೇಡ. ಮೂರು ವಾರ ಎಂದು ಮುಗಿಯುತ್ತದೆ ಅಂತ ಕೂತು ಲೆಕ್ಕ ಹಾಕೋಣ.