ಕೇರೆಗೂ ನಾಗರಕ್ಕೂ ಮದುವೆ ಮಾಡ್ಸಿದ್ದು ನಾವೇ

ತುಮಕೂರು ಕಡೆಯ ಓದುಗರೊಬ್ರ ಪತ್ರ: "ಹೋದ ತಿಂಗಳು ಕೇರೆ ಹಾವಿಗೆ ವಿಷ ಇಲ್ಲ ಅಂತ ಬರೆದ್ರಿ. ನಮ್ಮ ತೋಟದಲ್ಲಿ ಕೇರೆನೂ ನಾಗರನೂ ಹೆಣ್ಕೊಂಡಿದ್ದನ್ನ ಊರೆಲ್ಲ ನೋಡಿದೆ, ನಮ್ಮಪ್ಪ ಹೊಸ ಪಂಚೆ ಹೊದಿಸಿ ಕೈ ಮುಗಿದ್ರು, ವಿಡಿಯೋ ಕಳಿಸಿದೀನಿ. ನಾಗರದ ಜೊತೆ ಕೂಡಿದ ಕೇರೆಗೆ ವಿಷ ಬರಲ್ವಾ? ರಾತ್ರಿ ಹಸು ಕಾಲಿಗೆ ಸುತ್ಕೊಂಡು ಹಾಲು ಕುಡಿಯುತ್ತಂತಲ್ಲ, ಅದೂ ಸುಳ್ಳಾ?"

ಸಾರ್, ವಿಡಿಯೋ ನೋಡ್ದೆ. ಅದ್ರಲ್ಲಿರೋದು ಎರಡೂ ಕೇರೆನೇ, ಎರಡೂ ಗಂಡು, ನಡೀತಿರೋದು ಕುಸ್ತಿ. ಹೆಣ್ಣಿಗೋಸ್ಕರ ಗಂಡು ಕೇರೆಗಳು ಹಿಂಗೇ ಹಗ್ಗ ಹೊಸೆದಂಗೆ ಸುತ್ಕೊಂಡು, ಮೈಯ ಮುಂಭಾಗ ಮೇಲಕ್ಕೆತ್ತಿ, ಒಂದರ ತಲೆ ಇನ್ನೊಂದು ನೆಲಕ್ಕೆ ಒತ್ತೋಕೆ ನೋಡುತ್ತೆ, ಬೀಳ್ತವೆ, ಮತ್ತೆ ಏಳ್ತವೆ, ಸಾಮಾನ್ಯವಾಗಿ ಕಚ್ಚಾಡಲ್ಲ, ಸೋತಿದ್ದು ಜಾಗ ಖಾಲಿ ಮಾಡುತ್ತೆ. ನಿಜವಾಗ್ಲೂ ಕೂಡೋವಾಗ ಇಷ್ಟು ಅಬ್ಬರ ಇರಲ್ಲ, ಗಂಡು ಹೆಣ್ಣಿನ ಬೆನ್ನ ಮೇಲೆ ಹರಿದು ಬಾಲ ಸುತ್ಕೊಂಡು ಎರಡೂ ನೆಲದಲ್ಲೇ ಬಿದ್ದಿರ್ತವೆ, ಪಂಚೆ ತರೋಷ್ಟು ಗ್ರ್ಯಾಂಡ್ ಆಗಿ ಕಾಣಲ್ಲ ಬಿಡಿ.

ಮತ್ತೆ ಒಂದು ಕಪ್ಪು, ಒಂದು ಹಳದಿ ಯಾಕೆ ಅಂತೀರಾ? ಕೇರೆ ಬಣ್ಣನೇ ಹಂಗೆ, ತಿಳಿ ಹಳದಿಯಿಂದ ಕಂದು, ಬೂದಿ, ಹೆಚ್ಚುಕಮ್ಮಿ ಕಪ್ಪಿನ ತನಕ ಎಲ್ಲಾ ಸಿಗ್ತವೆ. ನಮ್ಮ ಜನ ಕಪ್ಪಗಿರೋದಕ್ಕೆ ನಾಗರ ಅಂತ ಹೆಸರಿಟ್ಟು ಮದುವೆ ಮುಗಿಸಿಬಿಡ್ತಾರೆ. ಸಾಲದ್ದಕ್ಕೆ ಕೇರೆನ ಮೂಲೆಗೆ ತಳ್ಳಿದ್ರೆ ಕತ್ತು ಉಬ್ಬಿಸ್ಕೊಂಡು ಗುರ್ ಅನ್ನುತ್ತೆ, ನೋಡಿದೋರಿಗೆ ಅದೇ ಹೆಡೆ. ನಾಗರದ ಹೆಡೆ ಅಕ್ಕಪಕ್ಕಕ್ಕೆ ಅಗಲವಾಗಿ ಬಿಚ್ಚುತ್ತೆ, ಕೇರೆ ಕತ್ತು ಉಬ್ಬೋದು ಮೇಲೆ ಕೆಳಗೆ. ವಿಡಿಯೋ ನಿಲ್ಲಿಸಿ ಝೂಮ್ ಮಾಡಿ, ಎರಡಕ್ಕೂ ದೊಡ್ಡ ದುಂಡು ಕಣ್ಣು, ತುಟಿ ಅಂಚಲ್ಲಿ ಕಪ್ಪು ಗೀಟು ಕಾಣುತ್ತೆ.

ಕೇರೆ, ನಾಗರ ಬೇರೆ ಬೇರೆ ಕುಟುಂಬದ ಹಾವು. ನಾಗರಕ್ಕೆ ಕೇರೆ ಸಿಕ್ರೆ ಸಂಸಾರ ಮಾಡಲ್ಲ, ನುಂಗಿದ್ರೂ ನುಂಗೀತು, ಕಾಳಿಂಗಕ್ಕಂತೂ ಕೇರೆ ಅಂದ್ರೆ ಊಟ. ವಿಷ ತಯಾರಾಗೋದು ಕಣ್ಣಿನ ಹಿಂದಿರೋ ಗ್ರಂಥಿಲಿ, ಅದು ಕೂಡೋದ್ರಿಂದ ಅಂಟೋ ಕಾಯಿಲೆ ಅಲ್ಲ.

ಹಾಲಿನ ಕಥೆನೂ ಅಷ್ಟೇ. ಹೀರಿ ಕುಡಿಯೋಕೆ ಮೆತ್ತನೆ ತುಟಿ ಬೇಕು, ಹಾವಿಗೆ ಅದೆಲ್ಲಿದೆ? ಇರೋದು ಒಳಕ್ಕೆ ಬಾಗಿದ ಚೂಪು ಹಲ್ಲು, ಆ ಬಾಯಿ ಕೆಚ್ಚಲಿಗೆ ಹಾಕಿದ್ರೆ ಹಸು ಸುಮ್ನೆ ನಿಲ್ಲುತ್ತಾ? ಕೊಟ್ಟಿಗೆಗೆ ಅದು ಬರೋದು ಇಲಿ ಹುಡುಕ್ಕೊಂಡು. ಪಂಚಮಿಲಿ ಹಾವಾಡಿಗರ ಹಾವು ಕುಡಿಯಲ್ವಾ ಅಂದ್ರೆ, ದಿನಗಟ್ಟಲೆ ನೀರು ಕೊಡದೆ ಬುಟ್ಟಿಲಿ ಕೂಡಿಟ್ಟಿರ್ತಾರೆ, ಆ ಬಾಯಾರಿಕೆಗೆ ಕುಡಿಯುತ್ತೆ, ಆಮೇಲೆ ಜೀರ್ಣ ಆಗದೆ ಸಾಯೋದೂ ಉಂಟು.

ನಂಗೆ ಸಿಟ್ಟು ಬರೋದು ಇದಕ್ಕೇ, ನಾಗರಕ್ಕೆ ಕೈ ಮುಗಿದು ದಾರಿ ಬಿಡ್ತಾರೆ, ಪಾಪದ ಕೇರೆಗೆ ದೊಣ್ಣೆ ಏಟು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಅದನ್ನ ಬದಿಗಿಟ್ರೂ ಕೇರೆ ಹೋದ್ರೆ ತೋಟದ ತುಂಬ ಇಲಿ, ಇಲಿ ಹಿಂದೆ ನಾಗರ, ಕೊಳಕುಮಂಡಲ.

ರಾತ್ರಿ ತೋಟಕ್ಕೆ ಹೋಗೋವಾಗ ಟಾರ್ಚ್ ಇರ್ಲಿ, ಬೂಟ್ ಇದ್ರೆ ಇನ್ನೂ ಒಳ್ಳೇದು. ಅಪ್ಪಿತಪ್ಪಿ ಕಚ್ಚಿದ್ರೆ ಕೇರೆನೋ ನಾಗರನೋ ಅಂತ ಪಂಚಾಯ್ತಿ ಮಾಡ್ತಾ ಕೂರ್ಬೇಡಿ, ಹಾವು ಹಿಡಿಯೋಕೂ ಹೋಗ್ಬೇಡಿ, ಸೀದಾ ಆಸ್ಪತ್ರೆ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಇಲ್ಲಿ ಕೊಡೋ ಆಂಟಿವೆನಮ್, ಅಂದ್ರೆ ವಿಷ ಇಳಿಸೋ ಮದ್ದು, ಒಂದೇ. ಕಟ್ಟು ಹಾವು ಕಚ್ಚಿದ್ರೆ ಎಷ್ಟೋ ಸಲ ನೋವೇ ಇರಲ್ಲ, ಅದಕ್ಕೇ ಬೆಳಗಾಗ್ಲಿ ನೋಡೋಣ ಅಂತ ಮಾತ್ರ ಕಾಯ್ಬೇಡಿ.