ದೇಹಭಾಷೆ ನೋಡಿ ಎದುರಿನವರ ಮನಸ್ಸು ತಿಳಿಯಬಹುದಾ?

ಸೇಲ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ, ಗಿರಾಕಿಯ ಕೈ, ಕಣ್ಣು, ಕೂರುವ ರೀತಿ ನೋಡಿ ಮನಸ್ಸಲ್ಲಿರುವುದನ್ನು ತಿಳಿಯಬಹುದಾ, ಎಲ್ಲಿಂದ ಕಲಿಯಲಿ ಅಂತ ಕೇಳಿದ್ದೀರಿ. ನಾನು 16 ವರ್ಷ ಸೀರೆ ಅಂಗಡಿಯ ಗಾದಿ ಮೇಲೆ ಕೂತವನು, ಈಗ ಹೊಸ ಹುಡುಗರಿಗೆ ಕೆಲಸ ಹೇಳಿಕೊಡುತ್ತೇನೆ. ಮನಸ್ಸು ಓದಲು ಯಾರಿಂದಲೂ ಆಗುವುದಿಲ್ಲ. ಆದರೆ ಎದುರಿನವರಲ್ಲಿ ಏನೋ ಬದಲಾಯಿತು ಅನ್ನುವುದು ಖಂಡಿತ ಗೊತ್ತಾಗುತ್ತದೆ. ಯಾಕೆ ಬದಲಾಯಿತು ಅನ್ನುವುದನ್ನು ಅವರನ್ನೇ ಕೇಳಬೇಕು.

ಮದುವೆ ಸೀರೆಗೆ ತಾಯಿ, ಮಗಳು ಬಂದಿದ್ದಾರೆ ಅಂದುಕೊಳ್ಳಿ. ಇಷ್ಟವಾದ ಸೀರೆಯನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ, ಹೇಳಿದರೆ ರೇಟು ಇಳಿಯಲ್ಲ ಅಂತ ಗೊತ್ತು ಅಲ್ವಾ. ಕೈ ನೋಡಿ. ಬೇಡದ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ಬಿಟ್ಟುಬಿಡುತ್ತಾರೆ. ಹಿಡಿಸಿದ್ದನ್ನು ಮಗುಚಿ ಜರಿಯ ಹಿಂಬದಿ ನೋಡುತ್ತಾರೆ, ಸೆರಗನ್ನು ತೊಡೆ ಮೇಲೆ ಎಳೆದುಕೊಳ್ಳುತ್ತಾರೆ, ಆಮೇಲೆ ಬೇರೆ ಹತ್ತು ಸೀರೆ ತೆಗೆಸಿ ನೋಡುತ್ತಿದ್ದರೂ ಒಂದು ಕೈ ಮಾತ್ರ ಅದರ ಮೇಲೇ ಇರುತ್ತದೆ. ನಮ್ಮ ಹುಡುಗ ಮಡಿಸಲು ಎತ್ತಿಕೊಂಡಾಗ ಬೆರಳು ಒಂದು ಕ್ಷಣ ಒತ್ತಿ ಹಿಡಿದು ಬಿಡುತ್ತದೆ. ಆ ಸೀರೆಯನ್ನು ಮಡಿಸಬೇಡಿ, ಕಣ್ಣೆದುರಿಗೇ ಇರಲಿ.

ಮುಂದಿನದು ಇನ್ನೂ ಸೂಕ್ಷ್ಮ. ಮಗಳು ಬೆಲೆಯ ಚೀಟಿ ತಿರುಗಿಸಿ ತಾಯಿಯ ಮುಖ ನೋಡುತ್ತಾಳೆ. ಅಲ್ಲಿವರೆಗೆ ಸೆರಗು ಹಿಡಿದು ಮಾತಾಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಸುಮ್ಮನಾಗಿ ಬ್ಯಾಗಿನ ಜಿಪ್ ಎಳೆಯತೊಡಗುತ್ತಾರೆ. ಹೊಸಬರು ಇದನ್ನು ಇಷ್ಟವಾಗಲಿಲ್ಲ ಅಂತ ತಿಳಿದು ಬೇರೆ ಬಣ್ಣ ತೆಗೆಯಲು ಓಡುತ್ತಾರೆ. ನನಗೆ ಅದು ದುಡ್ಡಿನ ಯೋಚನೆ ಅನಿಸುತ್ತದೆ, ಆದರೂ ಎಲ್ಲರೆದುರು ಬಜೆಟ್ ಎಷ್ಟು ಅಂತ ಕೇಳಿ ಆ ತಾಯಿಗೆ ಮುಜುಗರ ಮಾಡುವುದಿಲ್ಲ. ರೇಷ್ಮೆ ಒಡಲಿನ ಇಳಕಲ್ ಪಕ್ಕಕ್ಕೆ ಅದೇ ಬಣ್ಣದ ಹತ್ತಿ ಒಡಲಿನದನ್ನು ಹರಡಿ, ಸೆರಗಿನ ಟೋಪು ತೆನೆ ಅನ್ನುವ ವಿನ್ಯಾಸ ತೋರಿಸಿ, "ಅಮ್ಮಾ, ಇದನ್ನೂ ಒಂದ್ಸಲ ನೋಡಿ" ಅನ್ನುತ್ತೇನೆ. ಕೈ ಮತ್ತೆ ಸೀರೆ ಮೇಲೆ ಬಂತು ಅಂದರೆ ನನ್ನ ಊಹೆ ಸರಿ. ಬರಲಿಲ್ಲ ಅಂದರೆ ತಪ್ಪು, ಆಗ ಬಣ್ಣ ಹಿಡಿಸಲಿಲ್ವಾ ಅಂತ ನೇರ ಕೇಳುತ್ತೇನೆ.

ತಪ್ಪು ನಾನೂ ಮಾಡಿದ್ದೇನೆ. ಒಮ್ಮೆ ವಯಸ್ಸಾದ ಯಜಮಾನರೊಬ್ಬರು ಮಗಳ ಜೊತೆ ಬಂದರು. ಗಾದಿ ಮೇಲೆ ಕೂರಿ ಅಂದರೂ ಕೂರಲಿಲ್ಲ, ಚಪ್ಪಲಿ ಬಿಟ್ಟ ಜಾಗದಲ್ಲೇ ಕಂಬಕ್ಕೆ ಒರಗಿ ನಿಂತರು, ಪದೇ ಪದೇ ಬಾಗಿಲ ಕಡೆ ನೋಡುತ್ತಿದ್ದರು. ಇವರು ತಗೊಳ್ಳುವವರಲ್ಲ ಅಂತ ತೀರ್ಮಾನಿಸಿ ಕಡಿಮೆ ಬೆಲೆಯದನ್ನೇ ನಾಲ್ಕು ತೋರಿಸಿ ಕೈ ತೊಳೆದುಕೊಂಡೆ. ಎದ್ದು ಹೋಗುವಾಗ ಆ ಹುಡುಗಿ, "ಅಪ್ಪಾಜಿಗೆ ಮಂಡಿ ನೋವು, ನೆಲದಲ್ಲಿ ಕೂರಕ್ಕಾಗಲ್ಲ. ಧಾರೆ ಸೀರೆ ತೋರಿಸ್ತೀರ ಅಂತ ಬಂದಿದ್ವಿ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. "ಕುರ್ಚಿ ಹಾಕಲಾ ಯಜಮಾನ್ರೆ" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಾರನೇ ದಿನವೇ ಗಾದಿ ಪಕ್ಕ ಎರಡು ಕುರ್ಚಿ ಹಾಕಿಸಿದೆ.

ನಾವು ಹೇಳುವುದು ಎದುರಿನವರಿಗೆ ತಲುಪುವುದರಲ್ಲಿ ಮಾತಿನ ಪಾಲು 7 ಪರ್ಸೆಂಟ್, ದನಿಯದು 38, ದೇಹದ್ದು 55 ಅನ್ನುವ ಲೆಕ್ಕವನ್ನು ಟ್ರೈನಿಂಗ್‌ನಲ್ಲಿ ನಿಮಗೂ ಹೇಳಿರಬಹುದು. ಅದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಇದ್ದದ್ದು ಒಂದೊಂದೇ ಪದ, ಬೇರೆ ಬೇರೆ ದನಿ, ಮುಖದ ಫೋಟೋಗಳು. ಇಷ್ಟ ಅನಿಷ್ಟದಂಥ ಭಾವನೆಯ ಮಾತಿಗೆ ಮಾತ್ರ ಈ ಲೆಕ್ಕ ಅಂತ ಅವರೇ ಹೇಳಿದ್ದಾರೆ. ಸುಳ್ಳು ಹಿಡಿಯುವ ವಿಷಯವೂ ಹಾಗೇ. 2006ರಲ್ಲಿ ಚಾರ್ಲ್ಸ್ ಬಾಂಡ್, ಬೆಲ್ಲಾ ಡಿಪೌಲೊ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇನ್ನೂರಕ್ಕೂ ಜಾಸ್ತಿ ಸಂಶೋಧನಾ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜನ ಸುಳ್ಳು ನಿಜವನ್ನು ಸರಿಯಾಗಿ ಗುರುತಿಸುವುದು ಸರಾಸರಿ 54 ಪರ್ಸೆಂಟ್ ಅಂತ ಬಂತು. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಅದಕ್ಕೇ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ ಅಂತ ಯಾರನ್ನೂ ಸುಳ್ಳುಗಾರ ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಜನ ಹಿರಿಯರ ಮುಂದೆ ತಲೆ ತಗ್ಗಿಸಿಯೇ ಮಾತಾಡುತ್ತಾರೆ, ಹಳ್ಳಿಯಿಂದ ಇಂಟರ್‌ವ್ಯೂಗೆ ಬಂದ ಹುಡುಗ ನೆಲ ನೋಡಿದರೆ ಅದು ಮರ್ಯಾದೆ ಇರಬಹುದು. ತಲೆ ಆಡಿಸುವುದೂ ಅಷ್ಟೇ, ಆ ಕಡೆ ಈ ಕಡೆ ಓಲಾಡಿಸಿದರೆ ನಮ್ಮವರಿಗೆ ಆಯ್ತು ಅಂತ ಅರ್ಥ, ಹೊರದೇಶದವರಿಗೆ ಅದು ಬೇಡ ಅಂದಂತೆ ಕಾಣಬಹುದು.

ಎಲ್ಲಿಂದ ಶುರು ಮಾಡಲಿ ಅಂದಿರಲ್ಲ, ಬಂದವರ ಜೊತೆ ಮೊದಲ ಎರಡು ನಿಮಿಷ ವ್ಯಾಪಾರ ಬಿಟ್ಟು ಮಾತಾಡಿ. ಯಾವ ಊರು, ಮದುವೆ ಯಾವಾಗ, ಇಷ್ಟು ಸಾಕು. ನಿರಾಳವಾಗಿದ್ದಾಗ ಅವರ ಕೈ, ದನಿ ಹೇಗಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ಯಾವಾಗಲೂ ಕೈಕಟ್ಟಿ ಕೂರುವವರು ಕೈಕಟ್ಟಿದರೆ ಅದರಲ್ಲಿ ಏನೂ ಇಲ್ಲ.

ಇನ್ನು ನಿಮ್ಮ ಮೈಯನ್ನೂ ಅವರು ನೋಡುತ್ತಿರುತ್ತಾರೆ, ಇದನ್ನು ಮರೆಯಬೇಡಿ. ಕೂತವರ ಮುಂದೆ ನಿಂತುಕೊಂಡು ಮಾತಾಡಬೇಡಿ, ನೀವೂ ಕೂರಿ. ಗಡಿಯಾರ ನೋಡಬೇಡಿ. ಒಂದು ಗಂಟೆ ನೋಡಿ ಏನೂ ತಗೊಳ್ಳದೆ ಎದ್ದರೂ, ಅವರು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯುವವರೆಗೆ ಸೀರೆಗಳನ್ನು ನಿಧಾನವಾಗಿ ಮಡಿಸಿ.