ಓದುಗರ ಪ್ರಶ್ನೆ: ವಾಹನ ಓಡಾಡುವ ನೆಲದಲ್ಲಿ ಬಾಳುವ ಗುರುತು ಯಾವುದು?

ಪ್ರಶ್ನೆ: ಕುಶಾಲನಗರದ ಸಮೀಪ ನಮ್ಮದೊಂದು ಕಾಫಿ ಗೋದಾಮಿದೆ. ಫೋರ್ಕ್‌ಲಿಫ್ಟ್ ದಾರಿ, ಆಳುಗಳು ನಡೆಯುವ ದಾರಿ ಮತ್ತು ಲಾರಿ ನಿಲ್ಲುವ ಜಾಗವನ್ನು ತೋರಿಸಲು ನೆಲಕ್ಕೆ ಅಂಟಿಸಿದ್ದ ಸ್ಟಿಕ್ಕರ್‌ಗಳು ಒಂದೇ ಮಳೆಗಾಲದಲ್ಲಿ ಕಿತ್ತುಬಂದವು. ಇನ್ನು ಏನು ಮಾಡಬೇಕು?
— ಓದುಗರೊಬ್ಬರು, ಕೊಡಗು

ಉತ್ತರ: ಸ್ಟಿಕ್ಕರ್ ಕಳಪೆಯದೆಂದು ತೀರ್ಮಾನಿಸುವ ಮೊದಲು ಕಿತ್ತುಬಂದ ಒಂದು ತುಂಡನ್ನು ಮಗುಚಿ ನೋಡಿ. ಅಂಟಿಗೆ ಬೂದು ಪುಡಿ ಹತ್ತಿಕೊಂಡಿದ್ದರೆ, ಕಾಂಕ್ರೀಟಿನ ಮೇಲೆ ಉಳಿದಿದ್ದ ಸಿಮೆಂಟ್ ಹಾಲಿನ ಸಡಿಲ ಪದರವೇ ಅದರೊಂದಿಗೆ ಎದ್ದುಬಂದಿದೆ. ಅಂಟು ಮೆತ್ತಗಾಗಿ ಒದ್ದೆಯಾಗಿದ್ದರೆ ನೆಲದಡಿಯ ತೇವವನ್ನು ಅನುಮಾನಿಸಬೇಕು. ಈ ಎರಡನ್ನೂ ಸರಿಪಡಿಸದೆ ಎಷ್ಟು ದುಬಾರಿ ವಸ್ತು ತಂದರೂ ಹಣ ವ್ಯರ್ಥ.

ತೇವವನ್ನು ತಿಳಿಯಲು ಸುಮಾರು 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಕೆಲಸವನ್ನು ಮುಂದೂಡಿ. ನಾಲ್ಕು ಹನಿ ನೀರನ್ನೂ ಚಿಮುಕಿಸಿ ನೋಡಿ. ಅದು ಇಂಗದೆ ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯ ಜಿಡ್ಡೋ ಹಳೆಯ ಲೇಪವೋ ಇರಬಹುದು.

ಫೋರ್ಕ್‌ಲಿಫ್ಟ್ ದಾರಿಗೆ ನಾನು ಸ್ಟಿಕ್ಕರನ್ನು ಸೂಚಿಸುವುದಿಲ್ಲ. ಜಿಡ್ಡು ತೆಗೆದು, ಯಂತ್ರದಿಂದ ನೆಲವನ್ನು ಉಜ್ಜಿ ಒರಟಾಗಿಸಿ, ಧೂಳನ್ನು ಪೂರ್ತಿ ಹೀರಿದ ಮೇಲೆ ಎರಡು ಭಾಗಗಳನ್ನು ಬೆರೆಸಿ ಬಳಿಯುವ ಎಪಾಕ್ಸಿ ಬಣ್ಣದಲ್ಲಿ ಪಟ್ಟೆ ಮತ್ತು ಬಾಣಗಳನ್ನು ಬರೆಸಿ, ಅದರ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಲೇಪ ಕೊಡಿಸುವುದು ಮೇಲು. ಲಾರಿಯ ಟೈರಿನೊಂದಿಗೆ ಒಳಬರುವ ಕೆಸರು ಒಣಗಿ ಮರಳು ಕಾಗದದಂತೆ ನೆಲವನ್ನು ಸವೆಸುವ ನಮ್ಮ ಜಿಲ್ಲೆಯಲ್ಲಿ ಆ ಮೇಲ್ಲೇಪವನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡಬೇಡಿ. ಜಾರದಂತೆ ಅದಕ್ಕೆ ನುಣ್ಣನೆಯ ಸ್ಫಟಿಕ ಮರಳನ್ನೂ ಸೇರಿಸಬಹುದು. ಹೆಚ್ಚು ಸವೆತವಾಗುವುದು ಚಕ್ರ ನಿಂತಲ್ಲೇ ತಿರುಗುವ ಜಾಗದಲ್ಲಿ. ಆದ್ದರಿಂದ ಬಾಣವನ್ನು ತಿರುವಿನ ಮೇಲೆ ಬರೆಸದೆ ಕೆಲವು ಅಡಿ ಹಿಂದೆಯೇ ಬರೆಸಿ. ಜನ ನಡೆಯುವ ದಾರಿಯಲ್ಲಿ, ಮೂಲೆ ದುಂಡಾಗಿ ಕತ್ತರಿಸಿದ ಒಳ್ಳೆಯ ಸ್ಟಿಕ್ಕರ್ ಸಾಕು.

ಹೊರಗಿನ ಅಂಗಳ ಡಾಂಬರಿನದಾದರೆ, ರಸ್ತೆಗೆ ಬಳಸುವ, ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಪಟ್ಟೆ ಸೂಕ್ತ. ಗಾಜಿನ ಮಣಿ ಉದುರಿಸಿದ ಪಟ್ಟೆ ಮಂಜಿನ ಮುಂಜಾನೆಯಲ್ಲೂ ಲಾರಿಯ ದೀಪಕ್ಕೆ ಹೊಳೆಯುತ್ತದೆ. ಇಂಟರ್‌ಲಾಕ್ ಹಾಸಿದ್ದರೆ ಗೆರೆಯ ಜಾಗದಲ್ಲಿ ಬಣ್ಣದ ಬ್ಲಾಕುಗಳನ್ನೇ ಕೂರಿಸಿ.

ಕೊನೆಯದಾಗಿ ಸಮಯದ ಮಾತು. ಹುರಿಯದ ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ದಾಸ್ತಾನಿನ ಪಕ್ಕದಲ್ಲಿ ಬಣ್ಣ ಬಳಿಸಿದರೆ ಇಡೀ ವರ್ಷದ ದುಡಿಮೆ ಕೆಡಬಹುದು. ಮಳೆ ನಿಂತು ನೆಲ ಒಣಗಿ, ಹೊಸ ಕೊಯ್ಲಿನ ಮೂಟೆಗಳು ಬರುವ ಮೊದಲು, ಗೋದಾಮು ಖಾಲಿಯಿರುವ ದಿನಗಳನ್ನು ಆರಿಸಿಕೊಳ್ಳಿ. ಚಳಿಯಲ್ಲಿ ಎಪಾಕ್ಸಿ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸವನ್ನು ಬಿಸಿಲೇರಿದ ಮೇಲೆ ಆರಂಭಿಸಲು ಹೇಳಿ, ಮುಗಿದ ನಂತರ ಒಂದು ವಾರ ಫೋರ್ಕ್‌ಲಿಫ್ಟನ್ನು ಅದರ ಮೇಲೆ ಬಿಡಬೇಡಿ.